ಊರ ಶಾಲೆ, ಊರ ಬೀದಿ: ತಗಡೂರು ಸೀಮೆಯಲ್ಲಿ ವಿಕಲಚೇತನರ ಸಮನ್ವಯ

ದೃಷ್ಟಿ, ಶ್ರವಣ, ಚಲನೆ, ಮಾತು, ಬುದ್ಧಿ ಇವುಗಳಲ್ಲಿ ಯಾವುದರಲ್ಲೇ ನ್ಯೂನತೆ ಇರಲಿ, ಮಗು ತನ್ನ ಊರಿನ ಶಾಲೆಯಲ್ಲಿ, ಓರಗೆಯ ಮಕ್ಕಳ ಪಕ್ಕದಲ್ಲೇ ಕೂತು ಕಲಿಯುವ ಏರ್ಪಾಡಿಗೆ ಕರ್ನಾಟಕದ ಶಿಕ್ಷಣ ಇಲಾಖೆ ‘ಸಮನ್ವಯ ಶಿಕ್ಷಣ’ ಎನ್ನುತ್ತದೆ. ಆ ಮಗು ಬೆಳೆದ ಮೇಲೆ ಅದೇ ಊರಿನಲ್ಲಿ ದುಡಿಯುವುದು, ಗ್ರಾಮಸಭೆಯಲ್ಲಿ ಮಾತಾಡುವುದು, ಮದುವೆ ಜಾತ್ರೆಗಳಲ್ಲಿ ಎಲ್ಲರಂತೆ ಓಡಾಡುವುದು ಇದರ ಮುಂದಿನ ಹೆಜ್ಜೆ.

ವಿಕಲಚೇತನ ಮಕ್ಕಳ ಓದಿಗೆ ಈವರೆಗೆ ಮೂರು ಬಗೆಯ ವ್ಯವಸ್ಥೆಗಳು ಬಂದಿವೆ. ಮೊದಲನೆಯದು ವಿಶೇಷ ಶಾಲೆ. ಅಂಧ ಮಕ್ಕಳಿಗೆ ಒಂದು, ಕಿವುಡ ಮಕ್ಕಳಿಗೆ ಇನ್ನೊಂದು ಎಂದು ಬೇರೆಬೇರೆ ಕಟ್ಟಡ, ಬೇರೆಬೇರೆ ಮೇಷ್ಟ್ರು. ಎರಡನೆಯದರಲ್ಲಿ ಮಗುವನ್ನು ಸಾಮಾನ್ಯ ಶಾಲೆಗೆ ಸೇರಿಸಿಕೊಳ್ಳುತ್ತಾರೆ, ಆದರೆ ಅಲ್ಲಿನ ಮೆಟ್ಟಿಲು, ಪಾಠ, ಪರೀಕ್ಷೆಗಳಿಗೆ ಹೊಂದಿಕೊಳ್ಳುವ ಕಷ್ಟ ಮಗುವಿನದೇ. ಸಮನ್ವಯ ಶಿಕ್ಷಣ ಮೂರನೆಯದು. ಹೊಂದಿಕೊಳ್ಳುವ ಹೊಣೆಯನ್ನು ಇದು ಶಾಲೆಯ ಮೇಲೆ ಹೊರಿಸುತ್ತದೆ. ಮೆಟ್ಟಿಲಿನ ಪಕ್ಕ ಇಳಿಜಾರು ದಾರಿ ಕಟ್ಟಬೇಕಾದವರು, ಪಾಠದ ರೀತಿ ಬದಲಿಸಬೇಕಾದವರು ದೊಡ್ಡವರು.

ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನ ತಗಡೂರಿನಂಥ ಊರಿನಲ್ಲಿ ಈ ವ್ಯವಸ್ಥೆ ಹೇಗೆ ನಡೆಯಬೇಕು, ಅದಕ್ಕೆ ಕೈಗೆಟಕುವ ಅನುಕೂಲಗಳೇನು ಎಂಬುದನ್ನು ನೋಡಿದರೆ ರಾಜ್ಯದ ಬಹುಪಾಲು ಹಳ್ಳಿಗಳ ಸ್ಥಿತಿ ತಿಳಿಯುತ್ತದೆ. ಖಾದಿ ಮತ್ತು ಸ್ವಾತಂತ್ರ್ಯ ಚಳವಳಿಯ ತಗಡೂರು ರಾಮಚಂದ್ರರಾಯರ ಹೆಸರಿನಿಂದ ಪ್ರಸಿದ್ಧವಾದ ಊರು ಇದು. ಗಾಂಧೀಜಿಯ ರಚನಾತ್ಮಕ ಕಾರ್ಯಕ್ರಮದ ಪಟ್ಟಿಯಲ್ಲಿ ಖಾದಿ, ಅಸ್ಪೃಶ್ಯತಾ ನಿವಾರಣೆಗಳ ಜೊತೆಗೆ ಕುಷ್ಠರೋಗಿಗಳ ಸೇವೆಯೂ ಇತ್ತು. ಇಂದಿನ ಕಾನೂನು ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಕುಷ್ಠದಿಂದ ಗುಣವಾದವರೂ ಸೇರಿದ್ದಾರೆ. ಊರಿನ ಅಂಚಿಗೆ ಸರಿಸಿದವರನ್ನು ಊರೊಳಗೆ ಕರೆದುಕೊಳ್ಳುವ ಕೆಲಸ ಈ ಸೀಮೆಗೆ ಹೊಸದಲ್ಲ.

ಮೈಸೂರಿನ ಹಳೆಯ ಪರಂಪರೆ

ವಿಕಲಚೇತನರ ಶಿಕ್ಷಣದಲ್ಲಿ ಮೈಸೂರಿಗೆ ಶತಮಾನ ಮೀರಿದ ಇತಿಹಾಸವಿದೆ. ಎಂ. ಶ್ರೀನಿವಾಸರಾಯರ ಪ್ರಯತ್ನದಿಂದ 1901ರಲ್ಲಿ ಇಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಆರಂಭವಾಯಿತು. ಅಮೃತಸರದಲ್ಲಿ ದೇಶದ ಮೊದಲ ಅಂಧರ ಶಾಲೆ ತೆರೆದದ್ದು 1887ರಲ್ಲಿ. ಅದಾಗಿ ಹದಿನಾಲ್ಕೇ ವರ್ಷಕ್ಕೆ ಮೈಸೂರು ಸಂಸ್ಥಾನದಲ್ಲೂ ಅಂಥ ಶಾಲೆ ಎದ್ದಿತು. ತಿಲಕ್ ನಗರದಲ್ಲಿ ಸರ್ಕಾರಿ ಅಂಧ ಮಕ್ಕಳ ಶಾಲೆ ಈಗಲೂ ಇದೆ, ಕನ್ನಡ ಪಠ್ಯಪುಸ್ತಕಗಳನ್ನು ಬ್ರೈಲ್ ಲಿಪಿಯಲ್ಲಿ ಅಚ್ಚು ಹಾಕುವ ಸರ್ಕಾರಿ ಮುದ್ರಣಾಲಯವೂ ಅಲ್ಲೇ ಇದೆ.

ಉತ್ತರ ಕರ್ನಾಟಕದಲ್ಲಿ ಗದಗಿನ ವೀರೇಶ್ವರ ಪುಣ್ಯಾಶ್ರಮ ಬೇರೊಂದು ದಾರಿ ತೋರಿಸಿತು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು (1914–2010), ಇಬ್ಬರೂ ಸ್ವತಃ ಅಂಧರು, ನೂರಾರು ಅಂಧ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ಕೊಟ್ಟರು. ಕನ್ನಡಿಗರ ಮನಸ್ಸಿನಲ್ಲಿ ಅಂಧ ಗಾಯಕನಿಗೆ ದೊಡ್ಡ ಗೌರವ ಸಿಕ್ಕಿದ್ದು ಹೀಗೆ. ಆದರೆ ಕಣ್ಣು ಕಾಣದವರಿಗೆ ಸಂಗೀತವೊಂದೇ ದಾರಿ ಎಂಬ ಊಹೆಯೂ ಅದರೊಟ್ಟಿಗೇ ಬೇರೂರಿತು. ಮೇಷ್ಟ್ರಾಗಲು, ವಕೀಲರಾಗಲು, ಬ್ಯಾಂಕಿನಲ್ಲಿ ದುಡಿಯಲು ಅವರಿಗೆ ಸಾಮಾನ್ಯ ಶಾಲೆ ಕಾಲೇಜುಗಳ ಬಾಗಿಲು ತೆರೆಯಬೇಕಿತ್ತು.

1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಯಾಯಿತು. ಜನ ಅದನ್ನು ‘ಆಯಿಷ್’ ಎಂದೇ ಕರೆಯುತ್ತಾರೆ. ಕಿವಿ ಕೇಳದ ಎಳೆಯ ಮಕ್ಕಳ ಶಾಲಾಪೂರ್ವ ತರಗತಿಯಲ್ಲಿ ಇಲ್ಲಿ ತಾಯಂದಿರೂ ಮಕ್ಕಳ ಜೊತೆ ಕೂತು ಕಲಿಯುತ್ತಾರೆ. ದಿನವಿಡೀ ಮಗುವಿನೊಂದಿಗೆ ಮಾತಾಡುವವಳು ತಾಯಿ, ಆದ್ದರಿಂದ ಮಾತು ಕಲಿಸುವ ವಿಧಾನ ಮೊದಲು ಅವಳಿಗೆ ತಿಳಿದಿರಬೇಕು ಎಂಬುದು ಈ ಪದ್ಧತಿಯ ತಿರುಳು. 1991ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠ ಮೈಸೂರಿನಲ್ಲಿ ವಿಕಲಚೇತನರಿಗಾಗಿಯೇ ಪಾಲಿಟೆಕ್ನಿಕ್ ತೆರೆಯಿತು. ವಿದ್ಯಾಪೀಠದ ಮೂಲ ಸ್ಥಾನವಾದ ಸುತ್ತೂರು ಇದೇ ನಂಜನಗೂಡು ತಾಲ್ಲೂಕಿನಲ್ಲಿದೆ.

ಪ್ರತ್ಯೇಕ ಶಾಲೆಯಿಂದ ಒಂದೇ ಶಾಲೆಯತ್ತ ಬಂದ ಬದಲಾವಣೆ ಜಗತ್ತಿನಾದ್ಯಂತ ನಡೆದದ್ದು. ಇಟಲಿ 1977ರಲ್ಲಿ ಕಾನೂನು ಮಾಡಿ ವಿಕಲಚೇತನ ಮಕ್ಕಳನ್ನು ಸಾಮಾನ್ಯ ತರಗತಿಗಳಿಗೆ ತಂದಿತು. ಭಾರತದಲ್ಲಿ 1974ರಲ್ಲೇ ಕೇಂದ್ರ ಸರ್ಕಾರ ಸಾಮಾನ್ಯ ಶಾಲೆಗಳಲ್ಲಿ ಈ ಮಕ್ಕಳನ್ನು ಓದಿಸುವ ಯೋಜನೆ ಆರಂಭಿಸಿತ್ತು. 1994ರಲ್ಲಿ ಸ್ಪೇನಿನ ಸಲಮಾಂಕಾ ನಗರದಲ್ಲಿ ಸೇರಿದ ಸರ್ಕಾರಗಳ ಪ್ರತಿನಿಧಿಗಳು, ಊರಿನ ಸಾಮಾನ್ಯ ಶಾಲೆಯೇ ಎಲ್ಲ ಮಕ್ಕಳ ಶಾಲೆಯಾಗಬೇಕೆಂದು ಘೋಷಿಸಿದರು.

ಕಾನೂನು ಕೊಟ್ಟ ಹಕ್ಕುಗಳು

ಭಾರತದಲ್ಲಿ ವಿಕಲಚೇತನರಿಗೆಂದು ಮೊದಲ ಸಮಗ್ರ ಕಾಯ್ದೆ ಬಂದದ್ದು 1995ರಲ್ಲಿ. ಅದು ಗುರುತಿಸಿದ್ದು ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ. 2007ರಲ್ಲಿ ಭಾರತ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ಅದಕ್ಕೆ ತಕ್ಕಂತೆ ರೂಪಿಸಿದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಆಟಿಸಂ, ಕಲಿಕಾ ನ್ಯೂನತೆ, ಸ್ನಾಯುಕ್ಷಯ, ಥಲಸ್ಸೀಮಿಯಾ, ಆ್ಯಸಿಡ್ ದಾಳಿಗೆ ಒಳಗಾದವರ ಸ್ಥಿತಿ ಎಲ್ಲವೂ ಇದರ ವ್ಯಾಪ್ತಿಗೆ ಬಂದವು.

ಪಾಲಕರು ತಿಳಿದಿರಬೇಕಾದ ಮುಖ್ಯ ಅಂಶಗಳು ಕೆಲವಿವೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ನೆರೆಯ ಶಾಲೆಯಲ್ಲಿ ಓದುವುದೋ ವಿಶೇಷ ಶಾಲೆಗೆ ಹೋಗುವುದೋ ಎಂಬ ಆಯ್ಕೆ ಮಗುವಿನದು ಮತ್ತು ಮನೆಯವರದು, ಮುಖ್ಯೋಪಾಧ್ಯಾಯರದಲ್ಲ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 5 ಸೀಟು, ಸರ್ಕಾರಿ ನೌಕರಿಯಲ್ಲಿ ಶೇ 4 ಹುದ್ದೆ ಮೀಸಲು. ನಾಲ್ಕು ಜನರ ಮುಂದೆ ವಿಕಲಚೇತನರನ್ನು ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿನಿಂದ ಐದು ವರ್ಷದವರೆಗೆ ಜೈಲು ಶಿಕ್ಷೆ ವಿಧಿಸಬಹುದು.

ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ ಇನ್ನೊಂದು ಅನುಕೂಲ ಒದಗಿಸಿತು. ತೀವ್ರ ಅಥವಾ ಬಹುವಿಧ ನ್ಯೂನತೆಯಿಂದ ಶಾಲೆಗೆ ಬರಲಾಗದ ಮಗು ಮನೆಯಲ್ಲೇ ಕಲಿಯಬಹುದು. ಹಾಗೆ ಕಲಿಯುವ ಮಗುವಿನ ಹೆಸರು ಊರ ಶಾಲೆಯ ಹಾಜರಿ ಪುಸ್ತಕದಲ್ಲಿ ಇರುತ್ತದೆ, ಸಂಪನ್ಮೂಲ ಶಿಕ್ಷಕರು ಮನೆಗೆ ಬಂದು ಕಲಿಸುತ್ತಾರೆ.

ಲೆಕ್ಕದೊಳಗಿನ ಜನ

2011ರ ಜನಗಣತಿಯಂತೆ ಭಾರತದಲ್ಲಿ ಸುಮಾರು 2.68 ಕೋಟಿ ವಿಕಲಚೇತನರಿದ್ದರು. ಕರ್ನಾಟಕದಲ್ಲಿ ಅವರ ಸಂಖ್ಯೆ ಸುಮಾರು 13.24 ಲಕ್ಷ. ದೇಶದಲ್ಲಿ ಅವರ ಪೈಕಿ ಹತ್ತರಲ್ಲಿ ಏಳು ಮಂದಿ ಇದ್ದದ್ದು ಹಳ್ಳಿಗಳಲ್ಲಿ. ದೇಶದ ಸಾಕ್ಷರತೆ ಶೇ 74 ಇದ್ದಾಗ ವಿಕಲಚೇತನರಲ್ಲಿ ಅದು ಶೇ 55ರ ಆಸುಪಾಸು. 5ರಿಂದ 19ರ ವಯಸ್ಸಿನ ವಿಕಲಚೇತನ ಮಕ್ಕಳಲ್ಲಿ ಶೇ 61 ಮಂದಿ ಶಾಲೆ ಕಾಲೇಜಿಗೆ ಹೋಗುತ್ತಿದ್ದರು. ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳು ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ.

ಈ ಗಣತಿ ಎಣಿಸಿದ್ದು ಎಂಟು ಬಗೆಯ ವೈಕಲ್ಯಗಳನ್ನು. ಇಪ್ಪತ್ತೊಂದು ಬಗೆಯನ್ನೂ ಲೆಕ್ಕಕ್ಕೆ ತಂದರೆ ಸಂಖ್ಯೆ ಹೆಚ್ಚುವುದು ಖಚಿತ. ಕಲಿಕಾ ನ್ಯೂನತೆಯಂಥವು ಹೊರಗೆ ಕಾಣುವುದಿಲ್ಲ. ಅಕ್ಷರ ತಿರುಗುಮುರುಗಾಗಿ ಕಾಣುವ ಮಗುವನ್ನು ದಡ್ಡ ಎಂದು ಹಿಂದಿನ ಸಾಲಿಗೆ ಕಳಿಸುವುದು ಈಗಲೂ ನಿಂತಿಲ್ಲ.

ವೈಕಲ್ಯದ ಸ್ವರೂಪವೂ ಬದಲಾಗಿದೆ. ಹಳ್ಳಿಗಳಲ್ಲಿ ಕ್ಯಾಲಿಪರ್ ತೊಟ್ಟು, ಊರುಗೋಲು ಹಿಡಿದು ನಡೆಯುವ ನಡುವಯಸ್ಕರಲ್ಲಿ ಹಲವರು ಪೋಲಿಯೊಗೆ ತುತ್ತಾದವರು. ದೇಶದ ಕೊನೆಯ ಪೋಲಿಯೊ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ. 2014ರಲ್ಲಿ ಭಾರತ ಪೋಲಿಯೊ ಮುಕ್ತ ಎಂದು ಘೋಷಣೆಯಾಯಿತು. ಪೋಲಿಯೊದಿಂದ ಕಾಲು ಸೋತ ಮಗುವಿಗೆ ಬೇಕಿದ್ದದ್ದು ಮುಖ್ಯವಾಗಿ ಶಾಲೆಗೆ ದಾರಿ. ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಆಟಿಸಂ, ಶ್ರವಣದೋಷ ಇರುವ ಇಂದಿನ ಮಕ್ಕಳಿಗೆ ಕಲಿಸುವ ರೀತಿಯೇ ಬೇರೆಯಾಗಬೇಕು.

ಬೇಗ ಗುರುತಿಸುವುದು

ಸಮನ್ವಯದ ಕೆಲಸ ಒಂದನೇ ತರಗತಿಯಲ್ಲಿ ಶುರುವಾದರೆ ತಡವಾದಂತೆ. ಅದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ, ಅಂಗನವಾಡಿಯಲ್ಲಿ ಶುರುವಾಗಬೇಕು. ಮಾತು ಮೂಡುವುದಕ್ಕೆ ಮೊದಲ ಮೂರು ವರ್ಷ ಬಹಳ ಮುಖ್ಯ. ಕಿವಿ ಕೇಳದಿರುವುದು ನಾಲ್ಕೈದು ವರ್ಷಕ್ಕೆ ಗೊತ್ತಾದರೆ ಆ ಕಾಲ ಕಳೆದುಹೋಗಿರುತ್ತದೆ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷ ಇದೆಯೋ ಇಲ್ಲವೋ ಎಂಬ ನಿರ್ಣಯ, ಆರು ತಿಂಗಳೊಳಗೆ ಕಿವಿ ಮೆಷಿನ್ ಮತ್ತು ತರಬೇತಿ: ಇದು ತಜ್ಞರು ಒಪ್ಪುವ ಅವಧಿ.

ಇದಕ್ಕೆ ನಂಜನಗೂಡು ತಾಲ್ಲೂಕಿನವರು ಮೈಸೂರಿಗೇ ಹೋಗಬೇಕೆಂದಿಲ್ಲ. ಆಯಿಷ್ ಸಂಸ್ಥೆ ಹಳ್ಳಿಗಳಿಗಾಗಿ ತೆರೆದ ಕೇಂದ್ರಗಳಲ್ಲಿ ಒಂದು ಇದೇ ತಾಲ್ಲೂಕಿನ ಹುಲ್ಲಹಳ್ಳಿಯಲ್ಲಿದೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಹೆಸರು ಹಿಡಿದು ಕರೆದರೆ ತಿರುಗದ ಕೂಸು, ಎಂಟು ತಿಂಗಳಾದರೂ ಕೂರದ ಕೂಸು, ಎರಡು ವರ್ಷ ತುಂಬಿದರೂ ಎರಡು ಪದ ಕೂಡಿಸದ ಮಗು ಮೊದಲು ಕಣ್ಣಿಗೆ ಬೀಳುವುದು ಅಂಗನವಾಡಿ ಕಾರ್ಯಕರ್ತೆಗೆ ಮತ್ತು ಆಶಾ ಕಾರ್ಯಕರ್ತೆಗೆ. ‘ನಮ್ಮ ವಂಶದಲ್ಲಿ ಮಾತು ತಡ’ ಎಂದು ಮನೆಯವರು ಸುಮ್ಮನಾಗುವ ಹೊತ್ತಿನಲ್ಲಿ ತಪಾಸಣೆಗೆ ಕಳಿಸಬಲ್ಲವರು ಅವರೇ.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಹಳೇ ಮೈಸೂರು ಸೀಮೆಯಲ್ಲಿ ಹಿಂದಿನಿಂದ ಇದೆ. ರಕ್ತಸಂಬಂಧದ ಮದುವೆಯಲ್ಲಿ ಹುಟ್ಟುವ ಮಕ್ಕಳಿಗೆ ಜನ್ಮದತ್ತ ಕಿವುಡುತನ ಮತ್ತು ಕೆಲವು ವಂಶವಾಹಿ ಕಾಯಿಲೆಗಳ ಸಂಭವ ಹೆಚ್ಚು. ಹಾಗೆಂದು ತಾಯಿಯನ್ನೋ ಸೊಸೆಯ ತವರನ್ನೋ ದೂರುವುದರಲ್ಲಿ ಅರ್ಥವಿಲ್ಲ. ನ್ಯೂನತೆ ಯಾರ ಪಾಪದ ಫಲವೂ ಅಲ್ಲ.

ನಂಜನಗೂಡಿನ ಶ್ರೀಕಂಠೇಶ್ವರನಿಗೆ ರೋಗ ಕಳೆಯುವ ದೇವರೆಂಬ ಖ್ಯಾತಿಯಿದೆ. ಟಿಪ್ಪುವಿನ ಪಟ್ಟದಾನೆಗೆ ಕಣ್ಣು ಬಂದಿತೆಂದೂ, ಅವನು ಪಚ್ಚೆಯ ಲಿಂಗ ಅರ್ಪಿಸಿ ‘ಹಕೀಂ ನಂಜುಂಡ’ ಎಂದು ಕರೆದನೆಂದೂ ಜನಜನಿತವಾದ ಕಥೆ. ಉರುಳುಸೇವೆಯ ಹರಕೆ ಹೊತ್ತು ಬರುವ ಪಾಲಕರಲ್ಲಿ ವಿಕಲಚೇತನ ಮಕ್ಕಳ ತಂದೆತಾಯಿಯೂ ಇರುತ್ತಾರೆ. ಹರಕೆಗೆ ಯಾರ ಅಡ್ಡಿಯೂ ಇಲ್ಲ. ಆದರೆ ಹರಕೆ ಫಲಿಸಲಿ ಎಂದು ಕಾಯುತ್ತ ಮಗುವಿನ ಮೂರು ವರ್ಷ ಕಳೆದರೆ ಆ ನಷ್ಟ ತುಂಬಿಕೊಡುವವರಿಲ್ಲ.

ಗುರುತಿಸಿದ ಮೇಲೆ ಮಾಡಬೇಕಾದ ಮೊದಲ ಕೆಲಸ ವೈದ್ಯಕೀಯ ಪ್ರಮಾಣಪತ್ರ ಮತ್ತು ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡು, ಮಾಡಿಸುವುದು. ಮಾಸಾಶನ, ಬಸ್ ಪಾಸು, ವಿದ್ಯಾರ್ಥಿವೇತನ, ಪರೀಕ್ಷೆಯ ರಿಯಾಯಿತಿ ಎಲ್ಲಕ್ಕೂ ಈ ಕಾರ್ಡೇ ಆಧಾರ.

ಶಾಲೆಗೆ ದಾರಿ

ಇಳಿಜಾರು ದಾರಿಗೆ ನಿಗದಿಯಾದ ಅಳತೆ ಒಂದಕ್ಕೆ ಹನ್ನೆರಡು. ಶಾಲೆಯ ಜಗಲಿ ನೆಲದಿಂದ ಒಂದೂವರೆ ಅಡಿ ಎತ್ತರವಿದ್ದರೆ ಇಳಿಜಾರು ಹದಿನೆಂಟು ಅಡಿ ಉದ್ದ ಇರಬೇಕು. ಜಾಗ ಸಾಲದೆಂದು ಆರೇಳು ಅಡಿಯಲ್ಲಿ ಮುಗಿಸಿದ ಇಳಿಜಾರಿನಲ್ಲಿ ಗಾಲಿಕುರ್ಚಿ ಹಿಂದಕ್ಕೆ ಜಾರುತ್ತದೆ. ಅದನ್ನು ತಳ್ಳಲು ಇಬ್ಬರು ಬೇಕಾಗುತ್ತಾರೆ, ಮಳೆ ಬಿದ್ದರೆ ಅದೂ ಆಗದು. ಲೆಕ್ಕಪತ್ರದಲ್ಲಿ ‘ರ‍್ಯಾಂಪ್ ಇದೆ’ ಎಂದು ಬರೆದಿರುವ ಶಾಲೆಗೆ ಮಗು ಬರಲಾಗದಿರುವುದಕ್ಕೆ ಕಾರಣ ಇಷ್ಟೇ ಇರಬಹುದು. ಬದಿಯಲ್ಲಿ ಹಿಡಿ ಕಂಬಿ, ತೊಂಬತ್ತು ಸೆಂಟಿಮೀಟರ್ ಅಗಲದ ಬಾಗಿಲು, ಹೊಸ್ತಿಲಿಲ್ಲದ ಕೋಣೆ ಇವು ಉಳಿದ ಅಗತ್ಯಗಳು.

ಶೌಚಾಲಯದ ಪ್ರಶ್ನೆ ಇದಕ್ಕಿಂತ ದೊಡ್ಡದು. ಕೂತೇಳಲು ಆಗದ ಮಗುವಿಗೆ ಕಮೋಡ್ ಮತ್ತು ಹಿಡಿ ಕಂಬಿ ಇರುವ, ಬಾಗಿಲು ಹೊರಕ್ಕೆ ತೆರೆಯುವ ಶೌಚಾಲಯ ಬೇಕು. ಅದಿಲ್ಲದ ಶಾಲೆಯಲ್ಲಿ ಮಕ್ಕಳು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುತ್ತಾರೆ. ಹೆಣ್ಣುಮಕ್ಕಳು ಮೈನೆರೆದ ಮೇಲೆ ಶಾಲೆ ಬಿಡುವುದಕ್ಕೆ ಇದೇ ಮುಖ್ಯ ಕಾರಣಗಳಲ್ಲೊಂದು. ಅವರನ್ನು ಶಾಲೆಯಲ್ಲಿ ಉಳಿಸಿಕೊಳ್ಳಲು ಸಮಗ್ರ ಶಿಕ್ಷಣ ಯೋಜನೆ ವಿಶೇಷ ಅಗತ್ಯವುಳ್ಳ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ವರ್ಷದಲ್ಲಿ ಹತ್ತು ತಿಂಗಳು ಪ್ರೋತ್ಸಾಹಧನ ಕೊಡುತ್ತದೆ. ಶೌಚಾಲಯ ಇಲ್ಲದ ಕಡೆ ಈ ಹಣ ಅವರನ್ನು ಉಳಿಸಿಕೊಳ್ಳಲಾರದು.

ತರಗತಿಯೊಳಗೆ

ಒಂದೇ ಪಾಠವನ್ನು ಒಂದೇ ವೇಗದಲ್ಲಿ ಎಲ್ಲರಿಗೂ ಮಾಡುವ ತರಗತಿಯಲ್ಲಿ ಸಮನ್ವಯ ಕಷ್ಟ. ಇದಕ್ಕೆ ಉತ್ತರ ಮೈಸೂರು ಜಿಲ್ಲೆಯಲ್ಲೇ ಹುಟ್ಟಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ‘ನಲಿ-ಕಲಿ’ ಪದ್ಧತಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಇದರಲ್ಲಿ ಮಕ್ಕಳು ಕಲಿಕಾ ಏಣಿಯ ಮೆಟ್ಟಿಲುಗಳನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಶಿಕ್ಷಕರ ಪೂರ್ಣ ನೆರವು ಬೇಕಾದವರು, ಸ್ವಲ್ಪ ನೆರವು ಸಾಕಾದವರು, ಗೆಳೆಯರಿಂದ ಕಲಿಯುವವರು, ತಾವೇ ಕಲಿಯುವವರು ಹೀಗೆ ಗುಂಪುಗಳಾಗಿ ‘ತಟ್ಟೆ’ಗಳಲ್ಲಿ ಕೂರುತ್ತಾರೆ. ಒಂದು ವಾರ ಶಾಲೆ ತಪ್ಪಿಸಿದ ಮಗು ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ನಿಧಾನವಾಗಿ ಕಲಿಯುವ ಮಗುವಿಗೆ ಇದಕ್ಕಿಂತ ಹೊಂದುವ ತರಗತಿ ಸಿಗುವುದು ಕಷ್ಟ. ತೊಡಕು ಬರುವುದು ನಾಲ್ಕನೇ ತರಗತಿಯಲ್ಲಿ. ಅಲ್ಲಿ ಪಠ್ಯಪುಸ್ತಕದ ಒಂದೇ ವೇಗ ಶುರುವಾಗುತ್ತದೆ, ಹಿಂದೆ ಬಿದ್ದ ಮಗು ಅಲ್ಲಿಯೇ ಉಳಿಯುತ್ತದೆ.

ಆಯಾ ನ್ಯೂನತೆಗೆ ತಕ್ಕ ಚಿಕ್ಕಪುಟ್ಟ ಬದಲಾವಣೆಗಳಲ್ಲಿ ಬಹಳಷ್ಟಕ್ಕೆ ಹಣ ಬೇಕಿಲ್ಲ. ಕಿವಿ ಮಂದವಾದ ಮಗು ಮುಂದಿನ ಸಾಲಿನಲ್ಲಿರಬೇಕು. ಮೇಷ್ಟ್ರು ಹಲಗೆಯ ಕಡೆ ತಿರುಗಿ ಮಾತಾಡಬಾರದು, ಮುಖ ಕಾಣುವಂತೆ, ಬೆಳಕಿನಲ್ಲಿ ನಿಂತು ಮಾತಾಡಬೇಕು. ಮೆಷಿನ್ ಹಾಕಿಕೊಂಡ ಮಗುವಿಗೆ ಗದ್ದಲವೂ ದೊಡ್ಡದಾಗಿಯೇ ಕೇಳುತ್ತದೆ, ಆದ್ದರಿಂದ ರಸ್ತೆ ಪಕ್ಕದ ಕಿಟಕಿಯ ಬಳಿ ಕೂರಿಸಬಾರದು. ದೃಷ್ಟಿ ಮಂದವಾದ ಮಗುವಿಗೆ ದಪ್ಪ ಅಕ್ಷರದ ಪುಸ್ತಕ ಬೇಕು, ಹಲಗೆಯ ಮೇಲೆ ಬರೆದದ್ದನ್ನು ಬಾಯಲ್ಲೂ ಹೇಳಬೇಕು. ‘ಇದನ್ನು ಇದಕ್ಕೆ ಕೂಡಿದರೆ ಇಷ್ಟು’ ಎಂದರೆ ಕಾಣದ ಮಗುವಿಗೆ ಏನೂ ಗೊತ್ತಾಗುವುದಿಲ್ಲ, ‘ಏಳಕ್ಕೆ ಐದು ಕೂಡಿದರೆ ಹನ್ನೆರಡು’ ಎನ್ನಬೇಕು.

ಪೂರ್ತಿ ಕಾಣದ ಮಗುವಿಗೆ ಬ್ರೈಲ್ ಕಲಿಕೆ ಅಗತ್ಯ. ಭಾರತೀಯ ಭಾಷೆಗಳಿಗೆಲ್ಲ ಹೊಂದುವ ಭಾರತೀ ಬ್ರೈಲ್ 1951ರಲ್ಲಿ ರೂಪುಗೊಂಡಿತು, ಕನ್ನಡವೂ ಅದರಲ್ಲಿ ಸೇರಿದೆ. ಆರು ಚುಕ್ಕಿಗಳ ಈ ಲಿಪಿಯನ್ನು ಸ್ಲೇಟು ಮತ್ತು ಮೊಳೆಯಲ್ಲಿ ಬಲದಿಂದ ಎಡಕ್ಕೆ ಚುಚ್ಚಿ ಬರೆದು, ಹಾಳೆ ತಿರುಗಿಸಿ ಎಡದಿಂದ ಬಲಕ್ಕೆ ಬೆರಳಾಡಿಸಿ ಓದುತ್ತಾರೆ. ಇದನ್ನು ಕಲಿಸಲು ತರಬೇತಾದವರೇ ಬೇಕು. ಹುಟ್ಟು ಕಿವುಡ ಮಗುವಿಗೆ ಸನ್ನೆ ಭಾಷೆ ಸಹಜ ಭಾಷೆ, ತರಗತಿಯ ಉಳಿದ ಮಕ್ಕಳೂ ನಾಲ್ಕಾರು ಸನ್ನೆ ಕಲಿತರೆ ಆಟದಲ್ಲಿ ಅದು ಒಂಟಿಯಾಗುವುದಿಲ್ಲ. ಬುದ್ಧಿಮಾಂದ್ಯತೆ ಇರುವ ಮಗುವಿಗೆ ಒಂದು ಕೆಲಸವನ್ನು ಐದಾರು ಸಣ್ಣ ಹೆಜ್ಜೆಗಳಾಗಿ ಒಡೆದು ಕಲಿಸಬೇಕು. ಹಣ ಎಣಿಸುವುದು, ಗಡಿಯಾರ ನೋಡುವುದು, ಬಸ್ಸಿನ ಬೋರ್ಡು ಗುರುತಿಸುವುದು ಅದರ ಪಠ್ಯದ ಮುಖ್ಯ ಭಾಗ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಬೆನ್ನಿಗೆ ಆನಿಕೆಯಿರುವ ಕುರ್ಚಿ ಬೇಕು, ಪೆನ್ಸಿಲಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಹಿಡಿತ ಸಿಗುತ್ತದೆ.

ಶಾಲೆಯ ಮೇಷ್ಟ್ರಿಗೆ ಬೆಂಬಲವಾಗಿ ಪ್ರತಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಇಲಾಖೆಯಲ್ಲಿ ಇವರಿಗೆ ‘ಬಿಐಇಆರ್‌ಟಿ’ ಎಂಬ ಹೆಸರು. ಮಕ್ಕಳನ್ನು ಗುರುತಿಸುವುದು, ವೈದ್ಯಕೀಯ ಶಿಬಿರ ನಡೆಸುವುದು, ಸಾಧನ ಸಲಕರಣೆ ಕೊಡಿಸುವುದು, ಮನೆಯಲ್ಲೇ ಕಲಿಯುವ ಮಕ್ಕಳ ಬಳಿಗೆ ಹೋಗುವುದು, ಶಿಕ್ಷಕರಿಗೆ ತರಬೇತಿ ಕೊಡುವುದು ಎಲ್ಲವೂ ಇವರ ಕೆಲಸ. ತಾಲ್ಲೂಕಿನ ನೂರಾರು ಶಾಲೆಗಳಿಗೆ ಇರುವವರು ಬೆರಳೆಣಿಕೆಯಷ್ಟು ಮಂದಿ. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಪ್ರಾಥಮಿಕ ಹಂತದಲ್ಲಿ ಹತ್ತು ವಿಕಲಚೇತನ ಮಕ್ಕಳಿಗೆ ಒಬ್ಬರು, ಪ್ರೌಢಶಾಲೆಯಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂಬ ಪ್ರಮಾಣ ಸೂಚಿಸಿತು. ಹಳ್ಳಿ ಶಾಲೆಗಳು ಆ ಪ್ರಮಾಣದಿಂದ ಬಹುದೂರ ಇವೆ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ದುರ್ಬಲವಾದ ಕೊಂಡಿ ಇದೇ.

ಉಳಿದ ಮಕ್ಕಳಿಗೂ ಸಮನ್ವಯದಿಂದ ಲಾಭವಿದೆ. ಪಾಠವನ್ನು ಚಿತ್ರ, ವಸ್ತು, ಅಭಿನಯಗಳ ಸಹಿತ ಮಾಡಿದಾಗ ತರಗತಿಯ ಎಲ್ಲರಿಗೂ ಚೆನ್ನಾಗಿ ಹತ್ತುತ್ತದೆ. ಬಿಸಿಯೂಟಕ್ಕೆ ಒಟ್ಟಿಗೆ ಕೂತು ಬೆಳೆದವರು ದೊಡ್ಡವರಾದ ಮೇಲೆ ವಿಕಲಚೇತನ ಸಹೋದ್ಯೋಗಿಯನ್ನು ಕಂಡು ಮುಜುಗರಪಡುವುದಿಲ್ಲ.

ಪರೀಕ್ಷೆ, ಮುಂದಿನ ಓದು

ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ವಿಕಲಚೇತನ ವಿದ್ಯಾರ್ಥಿಗಳಿಗೆ ಉತ್ತರ ಬರೆದುಕೊಡುವ ಲಿಪಿಕಾರರು, ಹೆಚ್ಚುವರಿ ಸಮಯ ಮತ್ತು ನ್ಯೂನತೆಗೆ ತಕ್ಕಂತೆ ಕೆಲವು ವಿಷಯಗಳಲ್ಲಿ ವಿನಾಯಿತಿ ಸಿಗುತ್ತದೆ. ಕೇಂದ್ರದ ಮಾರ್ಗಸೂಚಿಯಂತೆ ಪ್ರತಿ ಗಂಟೆಗೆ ಕನಿಷ್ಠ ಇಪ್ಪತ್ತು ನಿಮಿಷ ಹೆಚ್ಚಿಗೆ ಕೊಡಬೇಕು. ಇದಕ್ಕೆ ಪ್ರಮಾಣಪತ್ರದೊಂದಿಗೆ ಶಾಲೆಯಿಂದಲೇ ಮುಂಚಿತವಾಗಿ ಅರ್ಜಿ ಹೋಗಬೇಕು, ಪರೀಕ್ಷೆಯ ಹಿಂದಿನ ದಿನ ಕೇಳಿದರೆ ಫಲವಿಲ್ಲ.

ವಿನಾಯಿತಿ ಪಡೆಯುವ ಮುನ್ನ ಯೋಚಿಸಬೇಕಾದ ಸಂಗತಿ ಒಂದಿದೆ. ಗಣಿತ ವಿಜ್ಞಾನಗಳನ್ನು ಬಿಟ್ಟು ಪರ್ಯಾಯ ವಿಷಯ ಆರಿಸಿಕೊಂಡ ವಿದ್ಯಾರ್ಥಿಗೆ ಪಿಯುಸಿಯಲ್ಲಿ ವಿಜ್ಞಾನದ ಬಾಗಿಲು ಮುಚ್ಚುತ್ತದೆ. ಪಾಸಾಗುವುದು ಸುಲಭವಾಗಲಿ ಎಂದು ಮೇಷ್ಟ್ರು ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಡುತ್ತಾರೆ, ಆದರೆ ಆಯ್ಕೆ ವಿದ್ಯಾರ್ಥಿಯದೇ ಆಗಿರಬೇಕು.

ಹತ್ತನೇ ತರಗತಿಯ ಮುಂದೆ ತಾಲ್ಲೂಕು ಕೇಂದ್ರಕ್ಕೋ ಮೈಸೂರಿಗೋ ಓಡಾಟ ಶುರು. ಸಾರಿಗೆ ನಿಗಮದ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿಲೋಮೀಟರ್‌ವರೆಗೆ ನಡೆಯುತ್ತದೆ. ತಗಡೂರು ಕಡೆಯ ಹಳ್ಳಿಗಳಿಂದ ನಂಜನಗೂಡು, ತಿ. ನರಸೀಪುರ, ಮೈಸೂರು ಮೂರೂ ಈ ವ್ಯಾಪ್ತಿಯಲ್ಲಿವೆ. ಪಾಸು ಕೈಯಲ್ಲಿದ್ದರೂ ಎತ್ತರದ ಮೆಟ್ಟಿಲಿನ ಬಸ್ಸು ಹತ್ತಲು, ಬೆಳಗಿನ ನೂಕುನುಗ್ಗಲಿನಲ್ಲಿ ಮೀಸಲು ಸೀಟು ಹಿಡಿಯಲು ಕಂಡಕ್ಟರ್ ಮತ್ತು ಸಹಪ್ರಯಾಣಿಕರ ಸಹಕಾರ ಬೇಕೇ ಬೇಕು.

ಊರ ಬದುಕಿನಲ್ಲಿ

ಶಾಲೆಯ ಹತ್ತು ವರ್ಷ ಮುಗಿದ ಮೇಲೆ ಮನೆಯ ಮೂಲೆಗೆ ಹಿಂತಿರುಗುವುದಾದರೆ ಓದಿದ್ದೂ ವ್ಯರ್ಥವಾಗುತ್ತದೆ. ಇಲ್ಲಿ ಹೊಣೆ ಗ್ರಾಮ ಪಂಚಾಯಿತಿಯದು. ಕರ್ನಾಟಕದ ಪಂಚಾಯಿತಿಗಳು ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ವಿಕಲಚೇತನರಿಗಾಗಿ ತೆಗೆದಿಡಬೇಕು, ಅವರಿಗೆಂದೇ ಸಮನ್ವಯ ಗ್ರಾಮಸಭೆ ನಡೆಸಬೇಕು. 2007–08ರ ಹೊತ್ತಿಗೆ ಆರಂಭವಾದ ಗ್ರಾಮೀಣ ಪುನರ್ವಸತಿ ಯೋಜನೆಯಡಿ ಪ್ರತಿ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಊರಲ್ಲಿ ಇವರನ್ನು ‘ವಿಆರ್‌ಡಬ್ಲ್ಯೂ’, ‘ಎಂಆರ್‌ಡಬ್ಲ್ಯೂ’ ಎಂದರೆ ಬೇಗ ಗೊತ್ತಾಗುತ್ತದೆ. ಗೌರವಧನಕ್ಕೆ ದುಡಿಯುವ ಇವರು ಸಾಮಾನ್ಯವಾಗಿ ಸ್ವತಃ ವಿಕಲಚೇತನರು. ಕಚೇರಿಯ ಮೆಟ್ಟಿಲು ಹತ್ತುವ ಕಷ್ಟ ಗೊತ್ತಿದ್ದವರೇ ಅರ್ಜಿ ಬರೆದುಕೊಡಲು ಕೂತಿರುವುದು ಈ ಯೋಜನೆಯ ಬಲ.

ದುಡಿಮೆಗೂ ದಾರಿಗಳಿವೆ. ಉದ್ಯೋಗ ಖಾತ್ರಿ ಕಾಮಗಾರಿಯಲ್ಲಿ ಕುಡಿಯುವ ನೀರು ಕೊಡುವುದು, ಕೂಲಿಕಾರರ ಮಕ್ಕಳನ್ನು ನೋಡಿಕೊಳ್ಳುವುದು ಮುಂತಾದ ಹಗುರ ಕೆಲಸಗಳನ್ನು ವಿಕಲಚೇತನರಿಗೆ ಕೊಡಬಹುದು, ಕೂಲಿ ಎಲ್ಲರಷ್ಟೇ. ನಂಜನಗೂಡಿನ ಕೈಗಾರಿಕಾ ಪ್ರದೇಶದಂಥ ಕಡೆ ಖಾಸಗಿ ಕಾರ್ಖಾನೆಗಳಿಗೆ ಮೀಸಲಾತಿಯ ಕಡ್ಡಾಯವಿಲ್ಲ. ಒಟ್ಟು ನೌಕರರಲ್ಲಿ ಕನಿಷ್ಠ ಶೇ 5 ವಿಕಲಚೇತನರು ಇರುವಂತೆ ಪ್ರೋತ್ಸಾಹ ಕೊಡಬೇಕೆಂದು 2016ರ ಕಾಯ್ದೆ ಸರ್ಕಾರಗಳಿಗೆ ಹೇಳಿದೆ.

ಹಬ್ಬ, ಜಾತ್ರೆ, ಮದುವೆಗಳಲ್ಲಿ ಪಾಲುಗೊಳ್ಳದವರು ಊರಿನಲ್ಲಿದ್ದೂ ಊರಿನವರಾಗುವುದಿಲ್ಲ. ಸುತ್ತೂರು ಜಾತ್ರೆಯ ಸಾಮೂಹಿಕ ವಿವಾಹದಲ್ಲಿ ವಿಕಲಚೇತನ ಜೋಡಿಗಳೂ ಹಸೆಮಣೆ ಏರುತ್ತಾರೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ಹರಿಯುವ ಬೀದಿಗೆ ಲಕ್ಷಾಂತರ ಜನ ಸೇರುತ್ತಾರೆ. ಅಂಥಲ್ಲಿ ಗಾಲಿಕುರ್ಚಿಗೆ ಒಂದು ಬದಿ, ಕೈಹಿಡಿದು ಕರೆದೊಯ್ಯುವ ಸ್ವಯಂಸೇವಕರು, ಬಳಸಲು ಬರುವ ಶೌಚಾಲಯ ಇದ್ದರೆ ಮನೆಯಲ್ಲಿ ಉಳಿದವರೂ ತೇರು ನೋಡಲು ಬರುತ್ತಾರೆ. ಇದೇ ಅನುಕೂಲ ಮುದುಕರಿಗೆ, ಬಸುರಿಯರಿಗೆ, ಕೂಸು ಎತ್ತಿಕೊಂಡ ತಾಯಂದಿರಿಗೂ ಬೇಕಾದದ್ದೇ.

2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದ 80 ವರ್ಷ ಮೀರಿದವರು ಮತ್ತು ಶೇ 40ಕ್ಕೆ ಕಡಿಮೆಯಿಲ್ಲದ ನ್ಯೂನತೆ ಇರುವವರು ಮನೆಯಿಂದಲೇ ಮತ ಹಾಕಲು ಅವಕಾಶವಿತ್ತು. ಮತಯಂತ್ರದ ಮೇಲೆ ಬ್ರೈಲ್ ಅಂಕಿಗಳಿವೆ. ಮತದಾನದ ಒಂದು ದಿನಕ್ಕೆ ಮಾಡಬಹುದಾದ ಏರ್ಪಾಡನ್ನು ಪಂಚಾಯಿತಿ ಕಚೇರಿ, ಆಸ್ಪತ್ರೆ, ಪಡಿತರ ಅಂಗಡಿಗಳಲ್ಲಿ ವರ್ಷವಿಡೀ ಮಾಡಲು ಅಡ್ಡಿಯೇನೂ ಇಲ್ಲ.

ಆಟದ ಬಯಲಿನಲ್ಲಿ ಕನ್ನಡನಾಡಿನ ಸಾಧಕರು ಹಲವರಿದ್ದಾರೆ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದರು. ಹಾಸನದಲ್ಲೇ ಹುಟ್ಟಿದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ ಟೋಕಿಯೊ ಮತ್ತು ಪ್ಯಾರಿಸ್ ಎರಡರಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ತಂದರು. ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ ಭಾರತದ ಅಂಧರ ಕ್ರಿಕೆಟ್ ತಂಡದ ನಾಯಕರಾಗಿ ವಿಶ್ವಕಪ್ ಗೆದ್ದು 2017ರಲ್ಲಿ ಪದ್ಮಶ್ರೀ ಪಡೆದರು. ಇಂಥವರ ಚಿತ್ರ ಶಾಲೆಯ ಗೋಡೆಯ ಮೇಲಿರುವುದು ಒಳ್ಳೆಯದೇ. ಆದರೆ ಪದಕ ಗೆಲ್ಲದ, ರ‍್ಯಾಂಕ್ ಬಾರದ ಸಾಧಾರಣ ಮಗುವಿಗೂ ಶಾಲೆಯಲ್ಲಿ ಅಷ್ಟೇ ಹಕ್ಕಿದೆ. ಆಟದ ಪೀರಿಯಡ್ಡಿನಲ್ಲಿ ಅದನ್ನು ಚಪ್ಪಲಿ ಕಾಯಲು ಕೂರಿಸುವುದು ನಿಂತರೆ ಸಾಕಷ್ಟು ಬದಲಾದಂತೆ.

ಆಗಬೇಕಾದದ್ದು

ಕಾನೂನು, ಯೋಜನೆ, ಸಂಸ್ಥೆ ಮೂರಕ್ಕೂ ಈ ಸೀಮೆಯಲ್ಲಿ ಕೊರತೆಯಿಲ್ಲ. ಅವು ಒಂದಕ್ಕೊಂದು ಕೂಡಿಕೊಳ್ಳದಿರುವುದೇ ಕೊರತೆ. ಅಂಗನವಾಡಿಯ ದಾಖಲೆಯಲ್ಲಿದ್ದ ಮಗುವಿನ ಹೆಸರು ಶಾಲೆಯ ಪಟ್ಟಿಗೆ ಬರುವುದಿಲ್ಲ, ಶಾಲೆಯ ಪಟ್ಟಿಯಲ್ಲಿರುವ ಮಗು ಪಂಚಾಯಿತಿಯ ಶೇ 5ರ ಲೆಕ್ಕದಲ್ಲಿ ಕಾಣುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿದ್ದು ತರಗತಿಯಲ್ಲಿ ಪಾಠ ಸಿಗದಿದ್ದರೆ ಅದು ಸಮನ್ವಯವಾಗದು.

ಜೂನ್ ದಾಖಲಾತಿಗೆ ಮೊದಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ), ಮುಖ್ಯೋಪಾಧ್ಯಾಯರು, ಅಂಗನವಾಡಿ ಕಾರ್ಯಕರ್ತೆ ಮತ್ತು ಪುನರ್ವಸತಿ ಕಾರ್ಯಕರ್ತರು ಒಂದು ದಿನ ಕೂತು ಊರಿನ ಪ್ರತಿ ವಿಕಲಚೇತನ ಮಗುವಿನ ಹೆಸರು ಬರೆದು, ಯಾರಿಗೆ ಕಾರ್ಡಿಲ್ಲ, ಯಾರಿಗೆ ಮೆಷಿನ್ ಇಲ್ಲ, ಯಾರು ಶಾಲೆ ಬಿಟ್ಟಿದ್ದಾರೆ ಎಂದು ಗುರುತು ಹಾಕಿಕೊಳ್ಳಬೇಕು. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸಿ, ಮುಂದಿನ ಸಭೆಯಲ್ಲಿ ಆದದ್ದು ಆಗದ್ದು ಕೇಳಬೇಕು. ಮಗುವನ್ನು ಶಾಲೆಗೆ ಸೇರಿಸಿಕೊಳ್ಳಲು ಯಾರಾದರೂ ಒಪ್ಪದಿದ್ದರೆ ಪಾಲಕರು ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಲ್ಲೂ ಆಗದಿದ್ದರೆ ಬೆಂಗಳೂರಿನ ವಿಕಲಚೇತನರ ರಾಜ್ಯ ಆಯುಕ್ತರಿಗೆ ಬರವಣಿಗೆಯಲ್ಲಿ ದೂರು ಕೊಡಬಹುದು.